ಗಾಜಿನ ತೊಟ್ಟಿಗೆ ಕಡಲಕುದುರೆ ಬೇಡ: ಹುಲಿಯ ಕಾನೂನೇ ಇದಕ್ಕೂ

ಕಾಸರಗೋಡು: ಹುಲಿಮರಿ ಸಾಕುತ್ತೇನೆ ಎಂದು ಯಾರಾದರೂ ಹೊರಟರೆ ಊರಿಗೆ ಊರೇ ನಕ್ಕೀತು. ಕಡಲಕುದುರೆ ಸಾಕುತ್ತೇನೆ ಎಂದರೆ ಮಾತ್ರ "ಎಲ್ಲಿ ಸಿಗ್ತದೆ ಮಾರಾಯ, ನಮಗೂ ಒಂದು ಜೋಡಿ ಬೇಕಿತ್ತು" ಎನ್ನುವವರೇ ಹೆಚ್ಚು. ಆದರೆ ಕಾನೂನಿನ ಕಣ್ಣಿಗೆ ಎರಡೂ ವನ್ಯಜೀವಿಗಳೇ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಉದ್ದಕ್ಕೂ ಕಡಲನ್ನೇ ಮಗ್ಗುಲಲ್ಲಿಟ್ಟುಕೊಂಡಿರುವ ಈ ಜಿಲ್ಲೆಯವರು ಇದನ್ನು ಮೊದಲಾಗಿ ತಿಳಿದಿರಬೇಕಾಗಿದೆ.

ಅಕ್ವೇರಿಯಂ ಹವ್ಯಾಸ ಗಡಿನಾಡಿಗೆ ಹೊಸತಲ್ಲ. ಗಪ್ಪಿ, ಗೋಲ್ಡ್ ಫಿಶ್, ಏಂಜಲ್ ಮೀನುಗಳು ಹಲವು ಮನೆಗಳ ಚಾವಡಿಯಲ್ಲಿವೆ. ಅವೆಲ್ಲ ಸಿಹಿನೀರಿನವು. ಈಗ ಮೊಬೈಲಿನಲ್ಲಿ ಉಪ್ಪುನೀರಿನ ತೊಟ್ಟಿಗಳನ್ನು ನೋಡಿದ ಮಕ್ಕಳಿಗೂ, ಗಲ್ಫಿನ ಮಾಲುಗಳಲ್ಲಿ ಗಾಜಿನ ಗೋಡೆಯ ಹಿಂದಿನ ಕಡಲನ್ನು ಕಂಡು ಬಂದ ದೊಡ್ಡವರಿಗೂ ಅಂಥದ್ದೇ ಒಂದನ್ನು ಮನೆಯಲ್ಲಿಡುವ ಆಸೆ. ಆ ಆಸೆಯ ತುದಿಯಲ್ಲಿ ಹೆಚ್ಚಾಗಿ ಇರುವುದು ಕಡಲಕುದುರೆಯೇ.

ಉಪ್ಪಳದ ಒಂದು ಮನೆ ಎಂದಿಟ್ಟುಕೊಳ್ಳಿ. ದುಬೈಯಲ್ಲಿ ದುಡಿಯುವ ಅಪ್ಪ ಎರಡು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದಾರೆ. ಒಂಬತ್ತನೇ ಕ್ಲಾಸಿನ ಮಗನ ಬೇಡಿಕೆ ಒಂದೇ. "ಬಂದರಿನಲ್ಲಿ ಕೇಳಿದರೆ ಬಲೆಗೆ ಬಿದ್ದದ್ದು ಸಿಗ್ತದಂತೆ ಅಪ್ಪಾ, ತೊಟ್ಟಿ ಮಾತ್ರ ಮಾಡಿಸಿದರೆ ಸಾಕು" ಎನ್ನುತ್ತಾನೆ ಅವ. ವರ್ಷದ ಹತ್ತು ತಿಂಗಳು ಫೋನಿನಲ್ಲಿ ಮಾತ್ರ ಅಪ್ಪನಾಗಿರುವವರಿಗೆ "ಬೇಡ" ಎಂಬ ಮಾತು ಬಾಯಿಗೆ ಬರುವುದು ಕಷ್ಟ. ಗಡಿಯ ಈಚೆಗೂ ಆಚೆಗೂ ಇಂಥ ಮನೆಗಳು ಬೇಕಾದಷ್ಟುಂಟು.

2001ರಿಂದ ರಕ್ಷಣೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ 2001ರಲ್ಲಿ ಕಡಲಕುದುರೆಯನ್ನು ಸೇರಿಸಲಾಯಿತು. ಹುಲಿ, ಆನೆ ಇರುವ ಪಟ್ಟಿಯದು. ಕಡಲಕುದುರೆ ಮಾತ್ರವಲ್ಲ, ಅದರ ಕುಟುಂಬಕ್ಕೆ ಸೇರಿದ, ಕಡ್ಡಿಯಂತೆ ಉದ್ದಕ್ಕಿರುವ ಪೈಪ್ ಮೀನುಗಳೂ ಆಗ ಪಟ್ಟಿ ಸೇರಿದವು. 2022ರ ತಿದ್ದುಪಡಿಯಲ್ಲಿ ಶೆಡ್ಯೂಲುಗಳ ಸಂಖ್ಯೆ ಆರರಿಂದ ನಾಲ್ಕಕ್ಕೆ ಇಳಿದರೂ ಕಡಲಕುದುರೆಗಿದ್ದ ರಕ್ಷಣೆ ಹೋಗಿಲ್ಲ. ಹಿಡಿಯುವುದು, ಮಾರುವುದು, ಕೊಳ್ಳುವುದು, ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಎಲ್ಲವೂ ಜೈಲುಶಿಕ್ಷೆಯಾಗಬಹುದಾದ ಅಪರಾಧ. ಒಣಗಿಸಿ ಶೋಕೇಸಿನಲ್ಲಿಟ್ಟರೂ ಅದೇ ಕಾನೂನು.

ಇದು ಕೇಂದ್ರ ಸರಕಾರದ ಕಾಯ್ದೆ. ಆದುದರಿಂದ ತಲಪಾಡಿ ಗೇಟು ದಾಟಿದರೆ ಬೇರೆ ನಿಯಮ ಎಂದೇನಿಲ್ಲ. ಮಂಗಳೂರಿನಲ್ಲಿ ತಪ್ಪಾದದ್ದು ಮಂಜೇಶ್ವರದಲ್ಲೂ ತಪ್ಪೇ.

"ಹಾಗಾದರೆ ಗಲ್ಫಿನಿಂದಲೇ ಒಂದು ಜೋಡಿ ತಂದರಾಯಿತಲ್ಲ" ಎಂಬ ಉಪಾಯವೂ ನಡೆಯುವುದಿಲ್ಲ. ಪ್ರಾಣಿ, ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಎಲ್ಲ ಜಾತಿಯ ಕಡಲಕುದುರೆಗಳನ್ನು ಸೇರಿಸಲು 2002ರಲ್ಲಿ ತೀರ್ಮಾನವಾಗಿ, 2004ರ ಮೇ ತಿಂಗಳಿನಿಂದ ಜಾರಿಗೆ ಬಂದಿದೆ. ಕಾಗದಪತ್ರವಿಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ತಂದದ್ದು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲೇ ಕೇಸಾದೀತು.

ಮೊದಲು ನೀರು, ಮತ್ತೆ ಮೀನು

ಹಾಗೆಂದು ಉಪ್ಪುನೀರಿನ ತೊಟ್ಟಿಯ ಆಸೆಯನ್ನೇ ಬಿಡಬೇಕಾಗಿಲ್ಲ. ತೊಟ್ಟಿಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ಸಿಹಿನೀರಿನ ತೊಟ್ಟಿಯಂತೆ ಬೆಳಗ್ಗೆ ತಂದು ಸಂಜೆಗೆ ಮೀನು ಬಿಡುವ ಕೆಲಸ ಇದಲ್ಲ.

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಗೆ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ನೀರಿನ ಭಾರವೇ ಕಾಲು ಟನ್. ಗಾಜು, ಮರಳು ಸೇರಿದರೆ 300 ಕಿಲೋ ದಾಟುತ್ತದೆ. ಟಿ.ವಿ. ಇಡುವ ಮೇಜಿನ ಮೇಲೆ ಕೂರಿಸಿದರೆ ಮೇಜೂ ಹೋದೀತು, ಚಾವಡಿಯ ನೆಲವೂ ಹಾಳಾದೀತು. ಕಬ್ಬಿಣದ ಗಟ್ಟಿ ಸ್ಟ್ಯಾಂಡೇ ಬೇಕು. ಅದಕ್ಕೂ ತುಕ್ಕು ಹಿಡಿಯದಂತೆ ಪೈಂಟು ಬೇಕು, ಉಪ್ಪುನೀರಿನ ಹನಿ ಬಿದ್ದಲ್ಲೆಲ್ಲ ಕಬ್ಬಿಣ ತಿನ್ನುತ್ತದೆ.

ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. ಆ ಲೆಕ್ಕದಲ್ಲಿ ಈ ತೊಟ್ಟಿಗೆ ಒಂದು ಸಲಕ್ಕೆ ಒಂಬತ್ತು ಕಿಲೋದಷ್ಟು ಉಪ್ಪು ಬೇಕು. ಅಡುಗೆಮನೆಯ ಅಯೋಡಿನ್ ಉಪ್ಪಾಗಲಿ, ಮೀನಿಗೆ ಹಾಕುವ ಕಲ್ಲುಪ್ಪಾಗಲಿ ಇದಕ್ಕಾಗದು. ಅದರಲ್ಲಿರುವುದು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಒಂದೇ. ಕಡಲ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟಾಶಿಯಂ ಎಲ್ಲ ತಕ್ಕ ಪ್ರಮಾಣದಲ್ಲಿರುತ್ತವೆ. ಅಕ್ವೇರಿಯಂಗೆಂದೇ ತಯಾರಾದ ಕಡಲುಪ್ಪನ್ನು ಶುದ್ಧ ನೀರಿನಲ್ಲಿ ಕರಗಿಸಿ, ಸಾಂದ್ರತೆ 1.023ರಿಂದ 1.025ರ ಒಳಗಿರುವಂತೆ ಮಾಪಕದಲ್ಲಿ ನೋಡಿಕೊಳ್ಳಬೇಕು. ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಆರ್‌ಒ ನೀರೇ ಒಳ್ಳೆಯದು. ನೀರು ತುಂಬಲು ತಾಮ್ರದ ಕೊಡಪಾನ ಬೇಡ, ಪ್ಲಾಸ್ಟಿಕ್ ಬಕೆಟ್ ಸಾಕು. ತಾಮ್ರದ ಅಂಶ ಸಿಗಡಿಯಂಥ ಜೀವಿಗಳಿಗೆ ವಿಷ.

"ಮನೆಯೆದುರೇ ಕಡಲಿರುವಾಗ ಉಪ್ಪು ಕೊಳ್ಳುವುದೇಕೆ?" ಎಂಬ ಪ್ರಶ್ನೆ ಸಹಜ. ಬೇಸಗೆಯಲ್ಲಿ ಹೊಳೆಬಾಯಿಯಿಂದ ದೂರದಲ್ಲಿ ತಂದ ನೀರನ್ನು ಸೋಸಿ ಬಳಸಬಹುದು. ಆದರೆ ಜಿಲ್ಲೆಯಲ್ಲಿ ಹರಿಯುವುದು ಒಂದೆರಡಲ್ಲ, ಹನ್ನೆರಡು ಹೊಳೆಗಳು. ಮಳೆಗಾಲದಲ್ಲಿ ಚಂದ್ರಗಿರಿ, ಶಿರಿಯ, ಮೊಗ್ರಾಲ್ ಹೊಳೆಗಳು ಕೆಂಪಗೆ ಹರಿದು ಕಡಲು ಸೇರುವಾಗ ದಡದ ನೀರಿನ ಉಪ್ಪು ಇಳಿಯುತ್ತದೆ, ಕೆಸರೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನೀರನ್ನು ನಂಬುವಂತಿಲ್ಲ.

ತೊಟ್ಟಿಯ ನೀರು ಆವಿಯಾಗಿ ಇಳಿದರೆ ಉಪ್ಪುನೀರು ಸೇರಿಸುವುದು ಹೊಸಬರು ಮಾಡುವ ತಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಇಳಿದಷ್ಟು ಸಿಹಿನೀರನ್ನೇ ತುಂಬಬೇಕು.

ಅಲಂಕಾರಕ್ಕೆಂದು ಹವಳದ ಕಲ್ಲು ತರಿಸುವುದೂ ಬೇಡ. ಹವಳದ ದಿಬ್ಬ ಕಟ್ಟುವ ಹವಳಗಳೂ 2001ರಿಂದಲೇ ರಕ್ಷಿತ ಪಟ್ಟಿಯಲ್ಲಿವೆ. ಊರಿನ ಕೆಂಪುಕಲ್ಲೂ ಪುಡಿ ಬಿಟ್ಟು ನೀರು ಕೆಡಿಸೀತು. ಅಂಗಡಿಯಲ್ಲಿ ಸಿಗುವ ಸೆರಾಮಿಕ್ ಕಲ್ಲು ಸಾಕು.

ಕಣ್ಣಿಗೆ ಕಾಣದ ಕೆಲಸಗಾರರು

ನೀರು, ಉಪ್ಪು, ಮರಳು, ಫಿಲ್ಟರ್ ಎಲ್ಲ ಸಿದ್ಧವಾದರೂ ತೊಟ್ಟಿ ಸಿದ್ಧವಾಗಿರುವುದಿಲ್ಲ. ಮೀನಿನ ಹಿಕ್ಕೆಯಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಮತ್ತೊಂದು ಬಗೆ ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಈ ಎರಡೂ ಬಗೆಯ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲೂ ಕಲ್ಲಿನಲ್ಲೂ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದದ್ದನ್ನು ಪರೀಕ್ಷಾ ಕಿಟ್‌ನಲ್ಲಿ ನೋಡಿದ ಮೇಲೆಯೇ ಮೊದಲ ಮೀನು ಬಿಡಬೇಕು.

ಉಪ್ಪಳದ ಅಪ್ಪನ ರಜೆಯ ಮುಕ್ಕಾಲು ಪಾಲು ಖಾಲಿ ತೊಟ್ಟಿಯನ್ನು ನೋಡುವುದರಲ್ಲೇ ಕಳೆಯುತ್ತದೆ ಎಂದಾಯಿತು. ಮೀನು ಬಂದು ಹದಿನೈದು ದಿನವಾಗುವಾಗ ಅವರು ವಿಮಾನ ಹತ್ತಬೇಕು. ಮತ್ತೆ ಆ ತೊಟ್ಟಿಯನ್ನು ನೋಡಿಕೊಳ್ಳಬೇಕಾದವರು ಮಗ, ಮಗನಿಗೆ ಪರೀಕ್ಷೆ ಬಂದರೆ ಅಮ್ಮ, ಅಮ್ಮನಿಗೆ ಪುರುಸೊತ್ತಿಲ್ಲದಿದ್ದರೆ ಅಜ್ಜಿ. ತೊಟ್ಟಿ ಮಾಡಿಸುವ ಮೊದಲು ಮನೆಯವರೆಲ್ಲ ಕುಳಿತು ಮಾತಾಡಬೇಕಾದ ವಿಷಯ ಇದೇ.

ಕರೆಂಟಿನ ಲೆಕ್ಕ

ಉಪ್ಪುನೀರಿನ ತೊಟ್ಟಿಯ ಹೆಚ್ಚಿನ ಮೀನುಗಳಿಗೆ 25, 26 ಡಿಗ್ರಿ ಹಿತ. ಏಪ್ರಿಲ್, ಮೇ ತಿಂಗಳಿನಲ್ಲಿ ನಮ್ಮ ಚಾವಡಿಗಳ ಬಿಸಿ 30 ದಾಟಿರುತ್ತದೆ. ಕಡಲೂ ಆಗ ಬೆಚ್ಚಗಿರುತ್ತದೆ ನಿಜ, ಆದರೆ ಅಲ್ಲಿ ಮೀನಿಗೆ ತಂಪಿರುವ ಆಳಕ್ಕೆ ಹೋಗಲು ದಾರಿಯಿದೆ. ಗಾಜಿನ ತೊಟ್ಟಿಯಲ್ಲಿ ನೀರು ಬಿಸಿಯಾದಷ್ಟೂ ಪ್ರಾಣವಾಯು ಕಡಿಮೆ, ರೋಗದ ಬ್ಯಾಕ್ಟೀರಿಯಾ ಜಾಸ್ತಿ. ಆದುದರಿಂದ ನೀರು ತಂಪು ಮಾಡುವ ಚಿಲ್ಲರ್ ಬೇಕಾಗುತ್ತದೆ.

200 ವ್ಯಾಟಿನ ಚಿಲ್ಲರ್ ದಿನಕ್ಕೆ 10 ಗಂಟೆ, 15 ವ್ಯಾಟಿನ ಪಂಪ್ ಮತ್ತು 5 ವ್ಯಾಟಿನ ಏರ್ ಪಂಪ್ ದಿನವಿಡೀ, 40 ವ್ಯಾಟಿನ ಲೈಟು 8 ಗಂಟೆ ಎಂದು ಹಿಡಿದರೆ ದಿನಕ್ಕೆ 2.8 ಯೂನಿಟ್ ಆಗುತ್ತದೆ. ತಿಂಗಳಿಗೆ 84. ಕೆಎಸ್‌ಇಬಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ, ಅದರಲ್ಲಿ 168 ಯೂನಿಟ್ ತೊಟ್ಟಿಯದ್ದೇ. ಯೂನಿಟ್ ಹೆಚ್ಚಾದಂತೆ ದರದ ಮೆಟ್ಟಿಲೂ ಏರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಇನ್ನು ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಪಂಪ್ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲೇಬೇಕು.

ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸುವುದಾದರೆ ಸುಮಾರು 25 ಲೀಟರ್ ನೀರು, ಮುಕ್ಕಾಲು ಕಿಲೋಗಿಂತ ತುಸು ಹೆಚ್ಚು ಉಪ್ಪು. ತಿಂಗಳಿಗೆ ಮೂರೂವರೆ ಕಿಲೋ. ಇದು ನಿಲ್ಲದ ಖರ್ಚು.

ಹೊಟ್ಟೆಯೇ ಇಲ್ಲದ ಮೀನು

ಕಾನೂನು ಇಲ್ಲದಿದ್ದರೂ ಕಡಲಕುದುರೆ ಮನೆಯ ತೊಟ್ಟಿಗೆ ಹೇಳಿದ ಮೀನಲ್ಲ. ಅದಕ್ಕೆ ಹಲ್ಲೂ ಇಲ್ಲ, ಜಠರವೂ ಇಲ್ಲ. ಕೊಳವೆಯಂಥ ಬಾಯಿಯಿಂದ ಸಣ್ಣ ಸಿಗಡಿಗಳನ್ನು ಹೀರಿಕೊಳ್ಳುತ್ತದೆ. ತಿಂದದ್ದು ನಿಲ್ಲಲು ಒಳಗೆ ಜಾಗವಿಲ್ಲದ ಕಾರಣ ಬೇಗ ಬೇಗ ದಾಟಿಹೋಗುತ್ತದೆ. ಆದುದರಿಂದ ದಿನಕ್ಕೆ ಹಲವು ಸಲ ಆಹಾರ ಬೇಕು. ಕಡಲಿನಿಂದ ಹಿಡಿದದ್ದು ಜೀವಂತ ಸಿಗಡಿಮರಿ ಬಿಟ್ಟು ಬೇರೇನನ್ನೂ ಮೂಸಿಯೂ ನೋಡದೆ ಸೊರಗುವುದೇ ಹೆಚ್ಚು. ಬೇರೆ ಚುರುಕಿನ ಮೀನಿನ ಜತೆ ಬಿಟ್ಟರೆ ಅದರ ಪಾಲಿನದ್ದನ್ನು ಅವು ತಿಂದು ಮುಗಿಸುತ್ತವೆ.

ಈಜಿನಲ್ಲೂ ಹಾಗೆಯೇ. ಬೆನ್ನ ಮೇಲಿನ ಪುಟ್ಟ ರೆಕ್ಕೆಯನ್ನು ಸೆಕೆಂಡಿಗೆ 35ರಷ್ಟು ಸಲ ಬಡಿದರೂ ಅದು ಸಾಗುವುದು ಮೆಲ್ಲಗೆ. ನೀರಿನ ಸೆಳೆತ ಜೋರಿದ್ದರೆ ಬಾಲವನ್ನು ಹುಲ್ಲಿಗೋ ಕಡ್ಡಿಗೋ ಸುತ್ತಿ ನಿಲ್ಲುತ್ತದೆ. ಜೋಡಿ ನೀರಿನಲ್ಲಿ ಮೇಲಕ್ಕೇರುತ್ತಲೇ ಕೂಡುವುದರಿಂದ ಎತ್ತರದ ತೊಟ್ಟಿಯೇ ಬೇಕು. ಹೆಣ್ಣು ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲದಲ್ಲಿಡುತ್ತದೆ, ಹೊರುವುದೂ ಹೆರುವುದೂ ಗಂಡೇ. ಒಂದು ಹೆರಿಗೆಗೆ ನೂರಾರು ಮರಿ. ಅಕ್ಕಿಕಾಳಿನಷ್ಟಿರುವ ಆ ಮರಿಗಳಿಗೆ ಹುಟ್ಟಿದ ದಿನವೇ ಜೀವಂತ ಸೂಕ್ಷ್ಮ ಆಹಾರ ಬೇಕು. ಕಡಲಿನಲ್ಲೂ ದೊಡ್ಡದಾಗಿ ಬೆಳೆಯುವುದು ಬೆರಳೆಣಿಕೆಯಷ್ಟು. ಹಲವು ಜಾತಿಗಳಲ್ಲಿ ಗಂಡು ಹೆಣ್ಣು ಒಂದು ಸಂತಾನಋತುವಿಡೀ ಒಂದೇ ಜೋಡಿಯಾಗಿರುತ್ತವೆ, ಬೆಳಗ್ಗೆ ಎದುರುಬದುರಾಗಿ ಕುಣಿದು ಗುರುತು ಹೇಳಿಕೊಳ್ಳುತ್ತವೆ. ಬಲೆಗೆ ಒಂದು ಸಿಕ್ಕಿದರೆ ಇನ್ನೊಂದರ ಸಂಸಾರವೂ ನಿಂತಂತೆಯೇ.

ಇದನ್ನು ಸಾಕಿ ಮರಿ ಮಾಡಿಸುವ ಕೆಲಸ ನಡೆದದ್ದು ಸಂಶೋಧನಾಲಯಗಳಲ್ಲಿ. ತಿರುವನಂತಪುರ ಬಳಿಯ ವಿಳಿಂಜಂನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ), ಗೋವಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಈ ಪ್ರಯೋಗ ಮಾಡಿವೆ. ಹಗಲೂ ರಾತ್ರಿ ನೀರು ಪರೀಕ್ಷಿಸುವ, ಆಹಾರದ ಸೂಕ್ಷ್ಮಜೀವಿಗಳನ್ನು ಪ್ರತ್ಯೇಕ ತೊಟ್ಟಿಗಳಲ್ಲಿ ಬೆಳೆಸುವ ಜಾಗಗಳವು. ಅಲ್ಲೂ ಮರಿಗಳನ್ನು ಉಳಿಸುವುದೇ ದೊಡ್ಡ ಸವಾಲು.

ಬಲೆಗೆ ಬಿದ್ದರೆ ಏನು ಮಾಡುವುದು?

ಕಡಲಕುದುರೆಯನ್ನು ಹುಡುಕಿಕೊಂಡು ಹೋಗುವ ದೋಣಿಗಳು ಕಡಿಮೆ. ಅದು ಸಿಗುವುದು ಬೇರೆ ಮೀನಿಗೆ ಎಳೆದ ಟ್ರಾಲ್ ಬಲೆಯಲ್ಲಿ. ದೇಶದ ಕರಾವಳಿಯಲ್ಲಿ 2015ರಿಂದ 2017ರವರೆಗೆ ನಡೆದ ಒಂದು ಅಧ್ಯಯನದ ಅಂದಾಜಿನಂತೆ, ನಿಷೇಧವಾಗಿ ಹದಿನೈದು ವರ್ಷ ಕಳೆದ ಮೇಲೂ ವರ್ಷಕ್ಕೆ ಸುಮಾರು 50 ಲಕ್ಷದಿಂದ 1.3 ಕೋಟಿಯವರೆಗೆ ಕಡಲಕುದುರೆಗಳು ಬಲೆಗೆ ಬೀಳುತ್ತಿದ್ದವು. ಬಹುಪಾಲು ಟ್ರಾಲ್ ದೋಣಿಗಳಿಂದಲೇ. ಒಣಗಿಸಿದ್ದು ಕಳ್ಳದಾರಿಯಲ್ಲಿ ಪೂರ್ವ ಏಷ್ಯಾದ ಔಷಧ ಪೇಟೆಗೆ ಹೋಗುತ್ತದೆ. ಕಾನೂನು ಮಾಡಿದರಷ್ಟೇ ಸಾಲದು ಎಂಬುದಕ್ಕೆ ಇದೇ ಸಾಕ್ಷಿ.

ಕೇರಳದಲ್ಲಿ ಜೂನ್ ಎರಡನೇ ವಾರದಿಂದ ಜುಲೈ 31ರವರೆಗೆ 52 ದಿನ, ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲಿಂಗ್ ನಿಷೇಧವಿರುತ್ತದೆ. ಅಷ್ಟು ದಿನ ಕಡಲಿನ ತಳಕ್ಕೂ ಬಿಡುವು. ಉಳಿದ ದಿನಗಳಲ್ಲಿ ಬಲೆಯೆತ್ತುವಾಗ ಜೀವವಿರುವ ಕಡಲಕುದುರೆ ಕಂಡರೆ ಕೂಡಲೇ ನೀರಿಗೆ ಬಿಡುವುದೊಂದೇ ದಾರಿ. ಹಣಕ್ಕಾಗಿ ಅದನ್ನು ಎತ್ತಿಟ್ಟವನೂ, ಮಗುವಿನ ಆಸೆಗೆಂದು ಕೊಂಡವನೂ ಕಾನೂನಿನ ಎದುರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕೊಳ್ಳುವವ ಇದ್ದಾನೆ ಎಂದು ಗೊತ್ತಾದರೆ ಎತ್ತಿಡುವ ಕೈಗಳೂ ಹೆಚ್ಚುತ್ತವೆ.

ಇದು ಆಗದ ಮಾತೇನಲ್ಲ. 2001ರಲ್ಲೇ ರಕ್ಷಣೆ ಪಡೆದ ತಿಮಿಂಗಿಲ ಶಾರ್ಕ್ ಬಲೆಗೆ ಸಿಕ್ಕಿದಾಗ ಗುಜರಾತಿನ ಮೀನುಗಾರರು ಸಾವಿರಾರು ರೂಪಾಯಿಯ ಬಲೆಯನ್ನೇ ಕತ್ತರಿಸಿ ಅದನ್ನು ಬಿಟ್ಟದ್ದುಂಟು. ನಮ್ಮ ನೀಲೇಶ್ವರದ ತೈಕ್ಕಡಪ್ಪುರದಲ್ಲಿ ಕಡಲಾಮೆಯ ಮೊಟ್ಟೆಗಳನ್ನು ಕಾದು ಮರಿಗಳನ್ನು ಕಡಲಿಗೆ ಬಿಟ್ಟವರಿದ್ದಾರೆ. ಬಿಳಿಹೊಟ್ಟೆಯ ಕಡಲಹದ್ದನ್ನು ಜಿಲ್ಲೆಯ ಹಕ್ಕಿಯೆಂದೂ, ಚಂದ್ರಗಿರಿ ಹೊಳೆಯಲ್ಲಿರುವ ಅಪರೂಪದ ಮೆತ್ತನೆ ಚಿಪ್ಪಿನ ದೊಡ್ಡ ಆಮೆಯನ್ನು ಜಿಲ್ಲೆಯ ಜೀವಿಯೆಂದೂ 2023ರಲ್ಲಿ ಸಾರಿದ ಜಿಲ್ಲೆ ಇದು. ಬೆರಳುದ್ದದ ಮೀನೊಂದನ್ನು ಮರಳಿ ಕಡಲಿಗೆ ಬಿಡುವುದು ಇಲ್ಲಿಯವರಿಗೆ ಭಾರವಾಗಲಾರದು.

ಹಾಗಾದರೆ ತೊಟ್ಟಿಗೆ ಯಾರು?

ಉಪ್ಪುನೀರಿನ ತೊಟ್ಟಿಗೆ ಹೊಸಬರು ಧೈರ್ಯವಾಗಿ ತರಬಹುದಾದದ್ದು ಕ್ಲೌನ್ ಮೀನು. 2003ರ 'ಫೈಂಡಿಂಗ್ ನೀಮೋ' ಸಿನಿಮಾದಿಂದ ಮಕ್ಕಳಿಗೆ ಅದರ ಪರಿಚಯವೂ ಇದೆ. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಈ ಮೀನನ್ನು ಹ್ಯಾಚರಿಯಲ್ಲೇ ಮರಿ ಮಾಡಿಸುವ ತಂತ್ರವನ್ನು ಸಿಎಂಎಫ್‌ಆರ್‌ಐ ವಿಳಿಂಜಂ ಮತ್ತು ತಮಿಳುನಾಡಿನ ಮಂಡಪಂ ಕೇಂದ್ರಗಳಲ್ಲಿ ಸಿದ್ಧಪಡಿಸಿದೆ. 1990ರ ದಶಕದಲ್ಲಿ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಕಲ್ಲುಮ್ಮಕಾಯಿ ಬೆಳೆಸುವುದನ್ನು ಹೆಂಗಸರ ಗುಂಪುಗಳಿಗೆ ಕಲಿಸಿದ್ದೂ ಇದೇ ಸಂಸ್ಥೆ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನು ತೊಟ್ಟಿಗೆ ಬೇಗ ಹೊಂದುತ್ತದೆ, ಅಂಗಡಿಯ ಆಹಾರ ತಿನ್ನುತ್ತದೆ, ಹವಳವನ್ನೂ ಬೇಡುವುದಿಲ್ಲ. ಕೊಳ್ಳುವಾಗ "ಹ್ಯಾಚರಿಯದ್ದಾ, ಕಡಲಿಂದ ಹಿಡಿದದ್ದಾ?" ಎಂದು ಕೇಳಿ, ಬಿಲ್ಲು ಪಡೆಯುವುದು ಒಳ್ಳೆಯದು.

ಅಷ್ಟು ಖರ್ಚು ಬೇಡ ಎನ್ನುವವರಿಗೆ ಅರೆಉಪ್ಪಿನ ತೊಟ್ಟಿ ಇದೆ. ನಮ್ಮ ಹಿನ್ನೀರಿನದ್ದೇ ಆದ ಕರಿಮೀನಿನ ಮರಿಗಳನ್ನೋ, ಅದರ ಹಳದಿ ಬಣ್ಣದ ಸಣ್ಣ ನೆಂಟ ಪಳ್ಳತ್ತಿಯನ್ನೋ ಇಟ್ಟುಕೊಳ್ಳಬಹುದು. ಕೇರಳದ ರಾಜ್ಯಮೀನಾದ ಕರಿಮೀನನ್ನು ಹೆಚ್ಚಿನವರು ನೋಡಿದ್ದು ಬಾಳೆಎಲೆಯಲ್ಲಿ ಸುಟ್ಟದ್ದನ್ನು. ತಂದೆತಾಯಿ ಎರಡೂ ಸೇರಿ ಮೊಟ್ಟೆ ಕಾಯುವ, ಮರಿಗಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ತಿರುಗಾಡುವ ಮೀನದು ಎಂಬುದು ತಿಳಿದದ್ದು ಕಡಿಮೆ ಜನಕ್ಕೆ. ಊರಿನ ಬಿಸಿಗೆ ಒಗ್ಗಿದವು, ಚಿಲ್ಲರ್ ಬೇಕಾಗಿಲ್ಲ.

ಉಪ್ಪಳದ ಆ ಮನೆಯಲ್ಲಿ ಅಪ್ಪ ಮಗನಿಗೆ ಹೇಳಬಹುದಾದ ಉತ್ತರ ಇಷ್ಟೇ. "ತೊಟ್ಟಿ ಮಾಡಿಸುವಾ. ಕುದುರೆ ಬೇಡ. ಅದು ನಮ್ಮದೇ ಕಡಲಿನಲ್ಲಿ ಉಂಟಲ್ಲ, ಅಲ್ಲೇ ಇರಲಿ." ಆರು ವಾರ ಖಾಲಿ ತೊಟ್ಟಿಯೆದುರು ಇಬ್ಬರೂ ಕುಳಿತು ದಿನಾ ನೀರು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಲಿ. ಮೀನು ಬರುವ ಹೊತ್ತಿಗೆ ಮಗನಿಗೆ ಕೆಲಸ ಕೈವಶವಾಗಿರುತ್ತದೆ. ಮತ್ತೆ ಅಪ್ಪ ದುಬೈಗೆ ಹೋದರೂ, ಸಂಜೆ ಫೋನಿನಲ್ಲಿ "ಇವತ್ತು ಉಪ್ಪು ಎಷ್ಟಿತ್ತು ಮಗಾ?" ಎಂದು ಕೇಳಲು ಒಂದು ಮಾತು ಉಳಿದಿರುತ್ತದೆ.